ಹಳೆಯ ಶೆವ್ರೊಲೆ ಪಿಕಪ್‌ಗೆ ಕ್ರೋಮ್ ಏರ್ ಫಿಲ್ಟರ್ ಹಾಕುವ ಮುನ್ನ ಇದನ್ನು ಓದಿ

ಗಾಡಿ 1972ರ ಶೆವ್ರೊಲೆ ಸಿ10 ಪಿಕಪ್. 350 ಕ್ಯೂಬಿಕ್ ಇಂಚಿನ ವಿ8 ಎಂಜಿನ್, ಮೇಲೆ ಗಾಳಿಗೆ ಪೆಟ್ರೋಲ್ ಬೆರೆಸುವ ರೋಚೆಸ್ಟರ್ ಕ್ವಾಡ್ರಾಜೆಟ್ ಕಾರ್ಬುರೇಟರ್. ಕಂಪನಿಯ ಕರಿ ತಗಡಿನ ಫಿಲ್ಟರ್ ಡಬ್ಬಿ ತೆಗೆದು ಅದರ ಜಾಗದಲ್ಲಿ 14 ಇಂಚಿನ ಕ್ರೋಮ್ ಕಿಟ್ ಕೂರಿಸಲಾಗಿತ್ತು: ತಳದ ತಟ್ಟೆ, ನಡುವೆ ಗಾಳಿ ಸೋಸುವ ಎಲಿಮೆಂಟ್, ಮೇಲೆ ಮುಚ್ಚಳ, ಇವನ್ನು ಹಿಡಿಯಲು ನಡುವೆ ಸ್ಟಡ್ ಎಂಬ ಎಳೆಯುಳ್ಳ ಸರಳು. ನಾಲ್ಕು ಬ್ಯಾರಲ್ (ಗಾಳಿ ಹೋಗುವ ಕೊಳವೆ) ಇರುವ ಎಲ್ಲ ಕಾರ್ಬುರೇಟರಿಗೂ ಹೊಂದುತ್ತದೆ ಎಂದು ಕಿಟ್ ಮೇಲೆ ಬರೆದಿತ್ತು. ಸ್ವಲ್ಪ ದಿನ ಓಡುವಷ್ಟರಲ್ಲಿ ಎಂಜಿನ್ ಬಿಸಿಯಾದ ಮೇಲೂ ಕಪ್ಪು ಹೊಗೆ, ಪ್ಲಗ್ ತುದಿಗಳಲ್ಲಿ ಮಸಿ, ಡಿಪ್‌ಸ್ಟಿಕ್ ಎಳೆದರೆ ಆಯಿಲ್‌ನಲ್ಲಿ ಪೆಟ್ರೋಲ್ ವಾಸನೆ. ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಗಾಡಿ ಮುಗ್ಗರಿಸಿ ನಿಂತಂತಾಗಿ ಆಮೇಲೆ ಓಡುತ್ತಿತ್ತು. ಫಿಲ್ಟರ್ ಬಿಚ್ಚಿದಾಗ ತಳದ ತಟ್ಟೆಯ ಮೇಲೆ, ಹೊರ ಅಂಚಿನಿಂದ ಕಾರ್ಬುರೇಟರ್ ಬಾಯಿಯವರೆಗೆ ಧೂಳಿನ ಗೆರೆ ಎಳೆದಿತ್ತು.

ಇಂಥ ಲಕ್ಷಣ ಕಂಡ ಕೂಡಲೇ ಎಲ್ಲರೂ ಕೈ ಹಾಕುವುದು ಕಾರ್ಬುರೇಟರಿಗೆ. ಪೆಟ್ರೋಲ್ ಅಳೆದು ಬಿಡುವ ಜೆಟ್ ಬದಲಿಸುತ್ತಾರೆ, ಒಳಗಿನ ಪೆಟ್ರೋಲ್ ಮಟ್ಟ ಕಾಯುವ ಫ್ಲೋಟ್ ಅಳೆಯುತ್ತಾರೆ. ಈ ಗಾಡಿಯಲ್ಲಿ ಅವೆಲ್ಲ ಸರಿಯಾಗಿಯೇ ಇದ್ದವು. ಕೆಟ್ಟದ್ದೆಲ್ಲ ಆ ಹೊಸ ಡಬ್ಬಿಯಿಂದ.

ಕಿಟ್ ಮಾರುವವರು ‘ಹೊಂದುತ್ತದೆ’ ಎನ್ನುವುದು ಬಾಯಿಯ ಅಳತೆಯೊಂದನ್ನೇ ನೋಡಿ. ಕ್ವಾಡ್ರಾಜೆಟ್‌ಗೂ ಹೋಲಿ ಕಂಪನಿಯ ಸಾಮಾನ್ಯ ನಾಲ್ಕು ಬ್ಯಾರಲ್‌ಗೂ ಅದು 5 1/8 ಇಂಚು. ಅಷ್ಟು ಹೊಂದಿದರೆ ತಟ್ಟೆ ಕೂರುತ್ತದೆ, ನಿಜ. ಆದರೆ ಈ ಕಿಟ್‌ಗಳ ತಳ ಬಹಳ ಸಲ ಗುಂಡಿಯಂತೆ ಕೆಳಕ್ಕೆ ಇಳಿದಿರುತ್ತದೆ, ಬಾನೆಟ್‌ಗೆ ತಾಗದಿರಲಿ ಎಂದು. ಚೋಕ್ ಎಂದರೆ ಎಂಜಿನ್ ತಣ್ಣಗಿರುವಾಗ ಗಾಳಿ ತಡೆದು ಪೆಟ್ರೋಲ್ ಹೆಚ್ಚಿಸುವ ತಗಡು. 1972ರ ಸುಮಾರಿನ ಕ್ವಾಡ್ರಾಜೆಟ್‌ನಲ್ಲಿ ಚೋಕ್ ಸ್ಪ್ರಿಂಗ್ ಕಾರ್ಬುರೇಟರ್ ಮೇಲಿರುವುದಿಲ್ಲ. ಅದು ಇನ್‌ಟೇಕ್ ಮ್ಯಾನಿಫೋಲ್ಡ್ ಮೇಲೆ ಕೂತು, ಒಂದು ಸಣ್ಣ ಕಂಬಿಯ ಮೂಲಕ ಚೋಕ್ ಲಿವರನ್ನು ಆಡಿಸುತ್ತದೆ. ಇಳಿದ ತಳದ ಅಂಚು ಆ ಲಿವರನ್ನೇ ಒತ್ತಿ ಹಿಡಿದಿತ್ತು. ಎಂಜಿನ್ ಎಷ್ಟು ಬಿಸಿಯಾದರೂ ಚೋಕ್ ತಗಡು ಪೂರ್ತಿ ತೆರೆಯುತ್ತಿರಲಿಲ್ಲ. ಹೆಚ್ಚಾದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲ್ ತೊಳೆದು ಕೆಳಗೆ ಆಯಿಲ್ ಚೇಂಬರಿಗೆ ಇಳಿಯುತ್ತಿತ್ತು. ಹೀಗಾಗಿದ್ದರೆ ಚೋಕ್ ಸರಿ ಮಾಡಿದರಷ್ಟೇ ಸಾಲದು, ಆಯಿಲ್ ಮತ್ತು ಆಯಿಲ್ ಫಿಲ್ಟರ್ ಎರಡನ್ನೂ ಬದಲಿಸಲೇಬೇಕು. ತೆಳುವಾದ ಆಯಿಲ್‌ನಲ್ಲಿ ಓಡಿಸಿದರೆ ಬೇರಿಂಗ್ ಹೋಗುತ್ತದೆ.

ಆದ್ದರಿಂದ ಮೊದಲು ಗ್ಯಾಸ್ಕೆಟ್ ಇಟ್ಟು ತಳವನ್ನಷ್ಟೇ ಕೂರಿಸಿ. ಚೋಕ್ ತಗಡನ್ನು ಬೆರಳಲ್ಲಿ ಮುಚ್ಚಿ ತೆರೆಯಿರಿ. ಥ್ರಾಟಲನ್ನು ಈ ತುದಿಯಿಂದ ಆ ತುದಿಯವರೆಗೆ ಆಡಿಸಿ. ಪಂಪ್ ಲಿವರ್, ಪೆಟ್ರೋಲ್ ಪೈಪ್, ಡಿಸ್ಟ್ರಿಬ್ಯೂಟರ್ ಕ್ಯಾಪ್, ಯಾವುದಕ್ಕೂ ತಳ ತಾಗಬಾರದು. ತಾಗಿದರೆ ಚಪ್ಪಟೆ ತಳ ತನ್ನಿ, ಇಲ್ಲವೇ ಅರ್ಧ ಅಥವಾ ಒಂದು ಇಂಚಿನ ಸ್ಪೇಸರ್ ಉಂಗುರವನ್ನು ಮೇಲೂ ಕೆಳಗೂ ಗ್ಯಾಸ್ಕೆಟ್ ಇಟ್ಟು ಹಾಕಿ.

ಎತ್ತರ ಹೆಚ್ಚಿದರೆ ಬಾನೆಟ್ ನೋಡಿಕೊಳ್ಳಬೇಕು. ಸ್ಟಡ್ ತುದಿಗೆ ಚಪಾತಿ ಹಿಟ್ಟಿನ ಉಂಡೆ ಅಂಟಿಸಿ, ಬಾನೆಟ್ ಮೆಲ್ಲಗೆ ಮುಚ್ಚಿ ತೆಗೆದು, ಉಳಿದ ಹಿಟ್ಟಿನ ದಪ್ಪ ಅಳೆಯಿರಿ. ಮುಕ್ಕಾಲು ಇಂಚಾದರೂ ಇರಲಿ, ಏಕೆಂದರೆ ರೇಸ್ ಮಾಡಿದಾಗ ಎಂಜಿನ್ ತನ್ನ ಮೌಂಟಿಂಗ್ ಮೇಲೆ ವಾಲುತ್ತದೆ. ಜಾಗ ಸಾಲದೆಂದು 3 ಇಂಚಿನ ಎಲಿಮೆಂಟ್ ಬಿಟ್ಟು 2 ಇಂಚಿನದಕ್ಕೆ ಇಳಿಯುವವರು ಇನ್ನೊಂದನ್ನು ಗಮನಿಸಿ. ಕಾರ್ಬುರೇಟರ್ ಬಾಯೊಳಗೆ ಫ್ಲೋಟ್ ಬೌಲಿನ (ಪೆಟ್ರೋಲ್ ನಿಲ್ಲುವ ಬಟ್ಟಲಿನ) ವೆಂಟ್, ಅಂದರೆ ಗಾಳಿಯಾಡುವ ಕೊಳವೆ, ಮೇಲಕ್ಕೆ ಚಾಚಿಕೊಂಡಿರುತ್ತದೆ. ಮುಚ್ಚಳ ಅದಕ್ಕೆ ತೀರಾ ಹತ್ತಿರ ಬಂದರೆ ಬೌಲಿನ ಒತ್ತಡ ಏರುಪೇರಾಗಿ ಪೆಟ್ರೋಲ್ ಅಳತೆ ತಪ್ಪುತ್ತದೆ. ಈ ವೆಂಟ್ ಫಿಲ್ಟರಿನ ಒಳಗಡೆಯೇ ಉಸಿರಾಡುವುದರಿಂದ, ಕಾಗದದ ಎಲಿಮೆಂಟ್ ತೆಗೆದು ಬಟ್ಟೆಯದು ಹಾಕಿದ ಮಾತ್ರಕ್ಕೆ ಮಿಶ್ರಣ ದೊಡ್ಡದಾಗಿ ಬದಲಾಗುವುದಿಲ್ಲ. ಫಿಲ್ಟರ್ ಹಾಕಿದ ದಿನವೇ ಜೆಟ್ ಬದಲಿಸಿ ಎನ್ನುವವರ ಮಾತಿಗೆ ಹಣ ಹಾಕಬೇಡಿ.

ಇನ್ನು ವಿಂಗ್ ನಟ್. ಅತಿ ಹೆಚ್ಚು ಕಾರ್ಬುರೇಟರುಗಳನ್ನು ಕೆಡಿಸುವುದು ಇದೇ. ಕ್ವಾಡ್ರಾಜೆಟ್ ಸ್ಟಡ್ ಕಾಲು ಇಂಚಿನದು, ಇಂಚಿಗೆ 20 ಎಳೆ. ಅದು ಏರ್ ಹಾರ್ನ್, ಅಂದರೆ ಕಾರ್ಬುರೇಟರಿನ ಎರಕದ ಮೇಲ್ಭಾಗದ, ನಡುವಿಗೆ ತಿರುಗಿ ಕೂರುತ್ತದೆ. ತಳದ ತಟ್ಟೆ ಸುತ್ತಲಿನ ಅಂಚನ್ನು ಕೆಳಕ್ಕೆ ಒತ್ತುತ್ತದೆ, ನಟ್ ಬಿಗಿ ಮಾಡಿದಷ್ಟೂ ಸ್ಟಡ್ ನಡುಭಾಗವನ್ನು ಮೇಲಕ್ಕೆ ಎಳೆಯುತ್ತದೆ. ಎರಕದ ಭಾಗ ಬಾಗುತ್ತದೆ. ಕೆಳಗಿನ ಗ್ಯಾಸ್ಕೆಟ್ ಸಡಿಲವಾಗುತ್ತದೆ, ಹಿಂದಿನ ಎರಡು ದೊಡ್ಡ ಬ್ಯಾರಲ್‌ಗಳ ಮೇಲಿರುವ ಏರ್ ವಾಲ್ವ್ ಅಕ್ಷದಲ್ಲಿ ಹಿಡಿದುಕೊಳ್ಳುತ್ತದೆ. ಈ ಗಾಡಿ ಮುಗ್ಗರಿಸುತ್ತಿದ್ದುದು ಇದರಿಂದಲೇ. ಪರೀಕ್ಷಿಸಲು ಮುಚ್ಚಳದ ಬದಲು ತೂತಿರುವ ಒಂದು ಕಬ್ಬಿಣದ ಪಟ್ಟಿಯನ್ನು ಎಲಿಮೆಂಟ್ ಮೇಲೆ ಅಡ್ಡ ಇಟ್ಟು ನಟ್ ಹಾಕಿ. ಬದಿಯಿಂದ ಬೆರಳು ಇಳಿಸಿ ಏರ್ ವಾಲ್ವ್ ಒತ್ತಿ ಬಿಡಿ. ಸರಾಗವಾಗಿ ತೆರೆದು ಸ್ಪ್ರಿಂಗ್ ಬಲದಲ್ಲಿ ತಾನೇ ಮುಚ್ಚಬೇಕು. ತಡೆದರೆ ನಟ್ ಸಡಿಲಿಸಿ ಮತ್ತೆ ನೋಡಿ.

ನಟ್ ಕೈಯಲ್ಲಿ ತಿರುಗುವಷ್ಟು, ಅದರ ಮೇಲೆ ಹೆಚ್ಚೆಂದರೆ ಕಾಲು ಸುತ್ತು. ಇಕ್ಕಳ ಬೇಡವೇ ಬೇಡ. ಅಷ್ಟಕ್ಕೆ ಮುಚ್ಚಳ ಅಲುಗಾಡಿದರೆ ಅಳತೆ ಹೊಂದಿಲ್ಲ ಎಂದೇ ಅರ್ಥ. ಅದುರಿ ಬಿಚ್ಚಿಕೊಳ್ಳುವ ಭಯವಿದ್ದರೆ ನೈಲಾನ್ ಲಾಕ್ ನಟ್ ಮತ್ತು ರಬ್ಬರ್ ವಾಷರ್ ಹಾಕಿ. ಸ್ಟಡ್ ಉದ್ದವಾದರೆ ಬಿಚ್ಚಿ ದೂರ ಕೊಂಡೊಯ್ದು ಕತ್ತರಿಸಿ, ತುದಿ ಅರ ಹಾಕಿ. ಗಾಡಿಯ ಮೇಲೆಯೇ ಹ್ಯಾಕ್ಸಾ ಆಡಿಸಿದರೆ ಪುಡಿ ನೇರ ಸಿಲಿಂಡರಿಗೆ. ಬಾಯಿ ತೆರೆದಿರುವಷ್ಟು ಹೊತ್ತೂ ಮೇಲೊಂದು ಬಟ್ಟೆ ಇರಲಿ. ಒಳಗೆ ಬಿದ್ದ ಒಂದು ವಾಷರ್ ಪಿಸ್ಟನ್ ಒಡೆಯಬಲ್ಲದು.

ಧೂಳು ಬಂದದ್ದು ಎಲಿಮೆಂಟ್ ಮೂಲಕ ಅಲ್ಲ, ಅದರ ಅಂಚಿನಿಂದ. ತೆಳು ಕ್ರೋಮ್ ತಗಡು ಸಮತಟ್ಟಾಗಿರುವುದಿಲ್ಲ. ಎಲಿಮೆಂಟಿನ ಮೇಲಂಚಿಗೂ ಕೆಳಂಚಿಗೂ ತೆಳ್ಳಗೆ ಗ್ರೀಸ್ ಸವರಿ, ಎಲ್ಲ ಜೋಡಿಸಿ, ಬಿಚ್ಚಿ ನೋಡಿ. ತಳದಲ್ಲೂ ಮುಚ್ಚಳದಲ್ಲೂ ಗ್ರೀಸಿನ ಉಂಗುರ ಎಲ್ಲೂ ತುಂಡಾಗದೆ ಮೂಡಿರಬೇಕು. ಬಟ್ಟೆಯ ಎಲಿಮೆಂಟ್ ಆದರೆ ಅದರದೇ ಆಯಿಲ್ ಅಳತೆಯಾಗಿ ಹಾಕಬೇಕು. ಒಣಗಿದ್ದರೆ ಧೂಳು ಹಿಡಿಯದು, ಸುರಿದರೆ ಒಳಗೆ ತೊಟ್ಟಿಕ್ಕುತ್ತದೆ. ಮಲೆನಾಡಿನ ತೋಟಗಳಲ್ಲಿ ಹಳೆಯ ಪೆಟ್ರೋಲ್ ಜೀಪಿನ ಆಯಿಲ್ ಬಾತ್ ಡಬ್ಬಿ ಕಿತ್ತು ಕೋನ್ ಫಿಲ್ಟರ್ ಹಾಕಲು ಹೊರಟವರೂ ಈ ಅಂಚಿನ ಮಾತನ್ನು ಗಮನಕ್ಕೆ ತಂದುಕೊಳ್ಳಿ.

ಹಳೆಯ ಡಬ್ಬಿಗೆ ಸಿಕ್ಕಿಸಿದ್ದ ಪೈಪುಗಳನ್ನು ಏನು ಮಾಡಬೇಕೆಂದು ಕಿಟ್‌ನ ಕಾಗದ ಹೇಳುವುದಿಲ್ಲ. ಒಂದು ವಾಲ್ವ್ ಕವರಿನಲ್ಲಿ ಪಿಸಿವಿ ಎಂಬ ಏಕಮುಖ ವಾಲ್ವ್ ಇದ್ದು ಕ್ರ್ಯಾಂಕ್‌ಕೇಸ್ (ಎಂಜಿನ್ ಕೆಳಭಾಗ) ಗಾಳಿಯನ್ನು ಕಾರ್ಬುರೇಟರ್ ಬುಡಕ್ಕೆ ಎಳೆಯುತ್ತದೆ. ಇನ್ನೊಂದು ಕವರಿನ ಪೈಪ್ ಡಬ್ಬಿಯಿಂದ ಶುದ್ಧ ಗಾಳಿ ತರುತ್ತದೆ. ಈ ಎರಡನೆಯದನ್ನು ತೆರೆದು ಬಿಟ್ಟರೆ ಧೂಳು ಸೀದಾ ಆಯಿಲ್‌ಗೆ. ಮುಚ್ಚಿಬಿಟ್ಟರೆ ಪೂರ್ತಿ ಥ್ರಾಟಲ್‌ನಲ್ಲಿ ಒತ್ತಡಕ್ಕೆ ದಾರಿಯಿಲ್ಲದೆ ಸೀಲುಗಳಲ್ಲಿ ಆಯಿಲ್ ಸೋರುತ್ತದೆ. ಪೈಪ್ ಸಿಕ್ಕಿಸುವ ಮೂತಿ ಇರುವ ತಳವನ್ನೇ ಕೊಳ್ಳಿ, ಇಲ್ಲವೇ ಆ ಕವರಿಗೆ ಬ್ರೀದರ್ ಫಿಲ್ಟರ್ ಹಾಕಿ. ಹಳೆಯ ಡಬ್ಬಿಯ ಮೂತಿಯಲ್ಲಿ, ಚಳಿಯಲ್ಲಿ ಬಿಸಿ ಗಾಳಿ ಬಿಡುವ ಬಾಗಿಲನ್ನು ಆಡಿಸುವ ಸಣ್ಣ ವ್ಯಾಕ್ಯೂಮ್ ಪೈಪ್ ಇದ್ದರೆ, ಮ್ಯಾನಿಫೋಲ್ಡ್ ಕಡೆಯ ತುದಿಗೆ ರಬ್ಬರ್ ಕ್ಯಾಪ್ ಹಾಕಿ ಮುಚ್ಚಿ. ಚಳಿಯೂ ತೇವವೂ ಇರುವ ಊರಿನವರು ಆ ಬಿಸಿ ಗಾಳಿಯ ಏರ್ಪಾಟನ್ನು ತೆಗೆಯಲೇಬೇಡಿ. ಸೊನ್ನೆಗಿಂತ ಮೇಲಿನ ಉಷ್ಣಾಂಶದಲ್ಲೂ ಕಾರ್ಬುರೇಟರ್ ಒಳಗೆ ಮಂಜುಗಡ್ಡೆ ಕಟ್ಟುತ್ತದೆ.

ಶಕ್ತಿ ಹೆಚ್ಚುತ್ತದೆ ಎಂಬ ಆಸೆಗೆ ಇಷ್ಟೆಲ್ಲ ಮಾಡುವುದಾದರೆ ಲೆಕ್ಕ ಹೀಗಿದೆ. ಸುತ್ತಲೂ ತೆರೆದ ಫಿಲ್ಟರ್ ಎಳೆಯುವುದು ಎಂಜಿನ್ ಕೋಣೆಯ ಬಿಸಿ ಗಾಳಿ. ಹೊರಗೆ 30 ಡಿಗ್ರಿ ಸೆಲ್ಸಿಯಸ್, ಬಾನೆಟ್ ಅಡಿಯಲ್ಲಿ 65 ಎಂದರೆ ಗಾಳಿಯ ಸಾಂದ್ರತೆ ಸುಮಾರು ಶೇ. 10ರಷ್ಟು ಕಡಿಮೆ. ಹೊರಗಿನಿಂದ ಗಾಳಿ ತರುವ ಮೂತಿಯುಳ್ಳ ಮುಚ್ಚಿದ ಡಬ್ಬಿಗೆ ಒಳ್ಳೆಯ ಕಾಗದದ ಎಲಿಮೆಂಟ್ ಹಾಕಿದರೆ ಬೀದಿಯಲ್ಲಿ ಓಡುವ ಗಾಡಿಗೆ ಅದೇ ಮೇಲು.

ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕಿಂತ ಹಿಂದಿನ ಪೆಟ್ರೋಲ್ ಗಾಡಿಗಳಿಗೆ ಹೊಗೆ ತಪಾಸಣೆಯ ವಿನಾಯಿತಿ ಇದೆ. 1976 ಮತ್ತು ಆಮೇಲಿನ ಪಿಕಪ್ ಆದರೆ ತಪಾಸಣೆಯಲ್ಲಿ ಫಿಲ್ಟರ್ ಡಬ್ಬಿಯನ್ನೂ ನೋಡುತ್ತಾರೆ. ಅಲ್ಲಿನ ಗಾಳಿ ಮಂಡಳಿಯ ಅನುಮತಿ ಸಂಖ್ಯೆ ಇಲ್ಲದ ಕಿಟ್ ಕೊಳ್ಳಬೇಡಿ, ಮತ್ತು ಹಳೆಯ ಡಬ್ಬಿಯನ್ನು ಅದರ ಪೈಪುಗಳ ಸಮೇತ, ಯಾವುದು ಎಲ್ಲಿಗೆ ಎಂದು ಚೀಟಿ ಕಟ್ಟಿ ಎತ್ತಿಡಿ.