ಆಷಾಢದ ಗಾಳಿಯೂ 50 ಎಂಎಂ ಚಕ್ರವೂ: ಒಂಬತ್ತು ತಿಂಗಳು ಓಡಿಸಿದ ಮೇಲೆ

ನಮ್ಮದು ಚಿತ್ರದುರ್ಗ. ಜೋಗಿಮಟ್ಟಿ ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ. ಮೆಡಿಕಲ್ ಶಾಪ್ ಬಾಗಿಲು ತೆಗೆಯುವ ಮುಂಚೆ ದಿನಾ ಒಂದು ಗಂಟೆ ಸೈಕಲ್ ಹೊಡೆಯುವ ನನಗೆ ಇಲ್ಲಿ ಗುಡ್ಡಕ್ಕಿಂತ ಗಾಳಿಯದೇ ಕಾಟ. ವರ್ಷಕ್ಕೆ ಎರಡು ಮೂರು ಸಲ ಬೆಂಗಳೂರಿಗೆ ಟೈಮ್ ಟ್ರಯಲ್‌ಗೆ, ಅಂದರೆ ಒಬ್ಬೊಬ್ಬರೇ ಗಡಿಯಾರದ ಜೊತೆ ಓಡುವ ರೇಸಿಗೆ ಹೋಗುತ್ತೇನೆ. ಅಲ್ಲಿ ಅಕ್ಕಪಕ್ಕ ನಿಂತವರದ್ದೆಲ್ಲ ಆಳದ ರಿಮ್ಮಿನ ಕಾರ್ಬನ್ ಚಕ್ರ, ಅಂದರೆ ಗಾಳಿಯ ತಡೆ ಕಮ್ಮಿಯಾಗಲಿ ಅಂತ ಟೈರ್ ಕೂರುವ ಬಳೆಯನ್ನು ಕಡ್ಡಿಗಳ ಕಡೆಗೆ ಉದ್ದ ಬೆಳೆಸಿದ್ದು. ನೋಡಿ ನೋಡಿ ನನಗೂ ಹುಚ್ಚು ಹತ್ತಿತು.

ಜಿಪ್, ಎನ್ವೆ ತರಹದ ದೊಡ್ಡ ಚಕ್ರ ಕಂಪನಿಗಳ ಒಳ್ಳೆ ಜೋಡಿ ಲಕ್ಷ ದಾಟುತ್ತದೆ. ನನ್ನ ಸೈಕಲ್ಲೇ ಅಷ್ಟು ಬಾಳಲ್ಲ. ಹಾಗಾಗಿ ಚೀನಾದಿಂದ ನೇರ ತರಿಸಿದೆ. ಕಸ್ಟಮ್ಸ್, ಕೊರಿಯರ್ ಎಲ್ಲ ಸೇರಿ 46,000 ರೂಪಾಯಿ ಬಿತ್ತು. 50 ಎಂಎಂ ಆಳ, ಹೊರಗಿನ ಅಗಲ 28, ಒಳಗೆ 21. ಮುಂದೆ 20 ಕಡ್ಡಿ, ಹಿಂದೆ 24. ಡಿಸ್ಕ್ ಬ್ರೇಕ್. ಕಂಪನಿ ಹೆಸರು ಬರೆಯಲ್ಲ, ನೋಡಲು ಇಂಥದೇ ರಿಮ್ ಬೇರೆ ಬೇರೆ ಸ್ಟಿಕ್ಕರ್ ಅಂಟಿಸಿಕೊಂಡು ಸಿಗುತ್ತದೆ.

80 ಯಾಕಲ್ಲ, 50 ಯಾಕೆ? ಹೋದ ವರ್ಷ ಆಷಾಢದಲ್ಲಿ ಗೆಳೆಯನ 88 ಎಂಎಂ ಚಕ್ರ ಹಾಕಿಕೊಂಡು ದಾವಣಗೆರೆ ಕಡೆ ಹೊರಟಿದ್ದೆ. ಒಂದು ಲಾರಿ ಪಕ್ಕದಲ್ಲಿ ದಾಟಿತು. ಅದು ಮುಂದೆ ಹೋದ ಮರುಕ್ಷಣ ಅಡ್ಡಗಾಳಿ ಬಡಿದು ಹ್ಯಾಂಡಲ್ ಕೈಯಲ್ಲೇ ಹೊರಳಿತು. ಒಂದಡಿ ಪಕ್ಕಕ್ಕೆ ಹೋಗಿದ್ದೆ. ಅಲ್ಲಿಂದಲೇ ವಾಪಸ್ ತಿರುಗಿ ಸಂಜೆಯೇ ಚಕ್ರ ಕೊಟ್ಟುಬಿಟ್ಟೆ. ಅಡ್ಡಗಾಳಿ ಕಷ್ಟ ಕೊಡುವುದು ಮುಂದಿನ ಚಕ್ರಕ್ಕೆ, ಅದು ಹ್ಯಾಂಡಲ್ ಜೊತೆ ತಿರುಗುತ್ತದಲ್ವಾ. ಹಿಂದಿನದು ಫ್ರೇಮಿಗೆ ಗಟ್ಟಿಯಾಗಿ ಕೂತಿರುತ್ತದೆ, ಅಷ್ಟು ಆಟ ಆಡಿಸುವುದಿಲ್ಲ.

ಇನ್ನು ಟೈರ್ ಲೆಕ್ಕ. ಜಿಪ್‌ನಲ್ಲಿದ್ದ ಜಾಶ್ ಪೋರ್ಟ್‌ನರ್ ಹೇಳಿದ್ದು ಅಂತ ಒಂದು ನಿಯಮ ಇದೆ: ರಿಮ್ಮಿನ ಅಗಲ ಟೈರಿನ ಅಗಲದ ಕನಿಷ್ಠ 105 ಪರ್ಸೆಂಟ್ ಇರಬೇಕು. ಇಲ್ಲದಿದ್ದರೆ ಗಾಳಿ ಟೈರಿನಿಂದ ರಿಮ್ಮಿಗೆ ಅಂಟಿಕೊಂಡು ಜಾರುವುದಿಲ್ಲ, ಆಳದ ರಿಮ್ಮಿಗೆ ಕೊಟ್ಟ ದುಡ್ಡಿನ ಲಾಭ ಕಮ್ಮಿ. ಟೈರಿನ ಮೇಲೆ ಅಗಲ 25 ಎಂಎಂ ಅಂತ ಬರೆದಿದ್ದರೆ 25 ಅಲ್ಲ, ಇದನ್ನು ನೆನಪಿಡಿ. ಅಗಲದ ರಿಮ್ಮಿಗೆ ಹಾಕಿ ಗಾಳಿ ತುಂಬಿದರೆ ಊದಿಕೊಳ್ಳುತ್ತದೆ. ಮಗನ ವರ್ನಿಯರ್‌ನಿಂದ ಅಳೆದೆ, 26.6 ಬಂತು. 105 ಪರ್ಸೆಂಟ್ ಅಂದರೆ 27.9. ನನ್ನ ರಿಮ್ 28. ಕೂದಲೆಳೆಯಲ್ಲಿ ಪಾಸು! ಹಿಂದಕ್ಕೆ ಮಾತ್ರ 28ರ ಟೈರ್ ಹಾಕಿದ್ದೇನೆ, ನಮ್ಮ ರೋಡಿಗೆ ಸೊಂಟವೂ ಉಳಿಯಬೇಕು. ಹುಕ್‌ಲೆಸ್ ರಿಮ್, ಅಂದರೆ ಟೈರಿನ ಅಂಚು ಹಿಡಿಯುವ ಕೊಕ್ಕೆ ಇಲ್ಲದ್ದು, ಸ್ವಲ್ಪ ಕಮ್ಮಿಗೆ ಸಿಗುತ್ತಿತ್ತು, ಬೇಡ ಅಂದೆ. ಅದಕ್ಕೆ 5 ಬಾರ್, ಅಂದರೆ ಸುಮಾರು 72 ಪಿಎಸ್‌ಐ ಮೀರಿ ಗಾಳಿ ಹಾಕುವಂತಿಲ್ಲ, ಎಲ್ಲ ಟೈರೂ ಹೊಂದುವುದಿಲ್ಲ. ನಾನು 78 ಕೆಜಿ, ಟ್ಯೂಬ್ ಹಾಕಿ ಓಡಿಸುವವನು, ಗಾಳಿ ಜಾಸ್ತಿಯೇ ಬೇಕು. ನನಗ್ಯಾಕೆ ಆ ಉಸಾಬರಿ.

ಈಗ ಎಲ್ಲರೂ ಕೇಳುವ ಪ್ರಶ್ನೆ. ಎಷ್ಟು ಫಾಸ್ಟ್ ಆಯ್ತು?

ಚಳಿಗಾಲದಲ್ಲಿ ಗಾಳಿ ಇಲ್ಲದ ಬೆಳಗುಗಳನ್ನೇ ಆರಿಸಿಕೊಂಡೆ. ಹೋಗಿ ಬರುವ ಒಂದೇ 20 ಕಿಲೋಮೀಟರ್, ಅವೇ ಟೈರು, ತುಳಿಯುವ ಶಕ್ತಿ ಅಳೆಯುವ ಪವರ್ ಮೀಟರಿನಲ್ಲಿ 200 ವ್ಯಾಟ್. ಒಂದೊಂದು ಜೋಡಿಗೆ ಮೂರು ಸಲ. ಹಳೆ ಅಲ್ಯೂಮಿನಿಯಂ ಚಕ್ರಕ್ಕೆ ಸರಾಸರಿ 34 ನಿಮಿಷ 41 ಸೆಕೆಂಡ್. ಹೊಸದಕ್ಕೆ 34 ನಿಮಿಷ 23. ಹದಿನೆಂಟು ಸೆಕೆಂಡ್!

ಆಮೇಲೆ ತಲೆಗೆ ಒಂದು ಹುಳ ಹೊಕ್ಕಿತು. ಸೈಕಲ್ ಹೊಡೆಯುವಾಗ ಗಾಳಿಯನ್ನು ತಡೆಯುವುದರಲ್ಲಿ ಮುಕ್ಕಾಲು ಪಾಲು ನಮ್ಮ ಮೈಯದೇ. ನನ್ನ ಕ್ಲಬ್ ಜೆರ್ಸಿ ತೋಳಿನ ಹತ್ತಿರ ಪಟಪಟ ಅನ್ನುತ್ತಿತ್ತು. ಬೀದಿ ಕೊನೆಯ ಟೈಲರ್ ಹತ್ತಿರ ತೋಳು, ಸೊಂಟ ಎರಡೂ ಹಿಡಿಸಿದೆ. 120 ರೂಪಾಯಿ. "ಯಾಕ್ ಸರ್, ಉಸಿರಾಡೋದು ಬೇಡ್ವಾ?" ಅಂದ. ಅದನ್ನು ಹಾಕಿಕೊಂಡು, ಹಳೆ ಚಕ್ರದಲ್ಲೇ ಅದೇ ರಸ್ತೆ ಹೊಡೆದೆ. 34 ನಿಮಿಷ 27. ಈ ವಿಷಯ ಮನೆಯವಳಿಗೆ ಇನ್ನೂ ಹೇಳಿಲ್ಲ.

ಹಾಗಂತ ಚಕ್ರ ದಂಡ ಅಂತ ಹೇಳುತ್ತಿಲ್ಲ. ಗಾಳಿಗೆ ಸುರಿಯುವ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 30 ಕಿಲೋಮೀಟರ್‌ನಲ್ಲಿ ಹೋಗುವವನು 40ಕ್ಕೆ ಏರಿದರೆ ಗಾಳಿಗೇ ಎರಡು ಪಟ್ಟಿಗಿಂತ ಜಾಸ್ತಿ ಸುರಿಯಬೇಕು. 40ರಲ್ಲಿ ಹೋಗುವ ಹುಡುಗರಿಗೆ ಇದೇ ಚಕ್ರ ನನಗಿಂತ ಜಾಸ್ತಿ ವ್ಯಾಟ್ ಉಳಿಸುತ್ತದೆ. 25ರಲ್ಲಿ ಹೋಗುವವರು ಮೊದಲು ಒಳ್ಳೆ ಟೈರ್ ತಗೊಳ್ಳಿ, ಆಮೇಲೆ ಟೈಲರ್ ಹತ್ತಿರ ಹೋಗಿ. ಇನ್ನು ರಿಮ್ ಬ್ರೇಕ್ ಸೈಕಲ್ ಇದ್ದವರು ಅಗ್ಗದ ಕಾರ್ಬನ್ ಕಡೆ ನೋಡಲೇ ಬೇಡಿ. ಇಳಿಜಾರಿನಲ್ಲಿ ಬ್ರೇಕ್ ಹಿಡಿದು ಹಿಡಿದು ರಿಮ್ ಕಾದರೆ ಕಾರ್ಬನ್ ಎಳೆಗಳನ್ನು ಹಿಡಿದಿಟ್ಟ ಅಂಟು ಮೆತ್ತಗಾಗುತ್ತದೆ, ನಂದಿಬೆಟ್ಟ ಇಳಿಯುವಾಗ ಅದು ಗೊತ್ತಾಗುವುದು ಬೇಡ.

ತೊಂದರೆ ಬರಲಿಲ್ಲವಾ? ಬಂತು. ಮೂರನೇ ತಿಂಗಳು ಹಿಂದಿನ ಚಕ್ರ ಸ್ವಲ್ಪ ಬೆಂಡ್ ಆಯಿತು. ಬಸ್ ಸ್ಟ್ಯಾಂಡ್ ಹತ್ತಿರದ ಸೈಕಲ್ ಶಾಪ್ ಅಜ್ಜನ ಹತ್ತಿರ ಒಯ್ದೆ. ಅಜ್ಜ ಬೆರಳಿನಿಂದ ರಿಮ್ ತಟ್ಟಿ, "ಪ್ಲಾಸ್ಟಿಕ್ ಏನಪ್ಪಾ?" ಅಂದರು. ಕಡ್ಡಿ ಬಿಗಿ ಮಾಡುವ ನಿಪ್ಪಲ್ ಹುಡುಕಿದರು, ಕಾಣಲಿಲ್ಲ. ಅದು ರಿಮ್ಮಿನ ಒಳಗೆ ಅಡಗಿದೆ. ಟೈರ್ ಬಿಚ್ಚಿ, ಟೇಪ್ ಕಿತ್ತು, ರಿಮ್ಮಿನ ತೂತಿನೊಳಗೆ ಉದ್ದ ಕೀ ಇಳಿಸಿ ತಿರುಗಿಸಬೇಕು. ಹತ್ತು ನಿಮಿಷದ ಕೆಲಸಕ್ಕೆ ಒಂದೂವರೆ ಗಂಟೆ ಹಿಡಿಯಿತು. ಅಜ್ಜ ದುಡ್ಡು ಕೇಳಿದ್ದು 50 ರೂಪಾಯಿ, ಬೈದದ್ದು ಐನೂರು ರೂಪಾಯಿಯಷ್ಟು. ನಿಪ್ಪಲ್ ಹೊರಗೆ ಕಾಣುವ ಚಕ್ರವನ್ನೇ ಕೇಳಿ ತರಿಸಿ. ಗಾಳಿಯಲ್ಲಿ ಅದರಿಂದ ಆಗುವ ನಷ್ಟ ನಮ್ಮಂಥವರ ಲೆಕ್ಕಕ್ಕೇ ಬರುವುದಿಲ್ಲ.

ಜೂನ್ ಮಳೆಗೆ ಹಿಂದಿನ ಹಬ್ಬಿನ ಬೇರಿಂಗ್ ಕರಕರ ಅನ್ನತೊಡಗಿತು. ಮಾರಿದವರಿಗೆ ಮೇಲ್ ಹಾಕಿದೆ, ವಿಡಿಯೋ ಕಳಿಸಿ ಅಂದರು, ಕಳಿಸಿದೆ, ಆಮೇಲೆ ಸದ್ದೇ ಇಲ್ಲ. ಬೇರಿಂಗ್ ಮೇಲೆ 6902 ಅಂತ ನಂಬರ್ ಇತ್ತು. ಮೋಟಾರ್ ರಿಪೇರಿ ಅಂಗಡಿಗಳ ಸಾಲಿನಲ್ಲಿ ಎರಡಕ್ಕೆ 360 ರೂಪಾಯಿ ಕೊಟ್ಟು ತಂದು ಹಾಕಿಸಿದೆ. ಈಗ ಬೆಣ್ಣೆಯ ಹಾಗೆ ತಿರುಗುತ್ತಿದೆ.

ಹಳೆ ಅಲ್ಯೂಮಿನಿಯಂ ಜೋಡಿ ಮಾರಿಲ್ಲ. ಈಗ ಮತ್ತೆ ಆಷಾಢ. ಹೆದ್ದಾರಿಗೆ ಹೋಗುವಾಗ ಹಿಂದೆ 50, ಮುಂದೆ ಹಳೇದು. ನೋಡಲು ಜೋಡಿಯೇ ಅಲ್ಲ. ಲಾರಿ ದಾಟಿದಾಗ ಮಾತ್ರ ಹ್ಯಾಂಡಲ್ ನೆಟ್ಟಗಿರುತ್ತದೆ.