ಹಾಕಿಸೋ ಮೊದಲು ತೂಗಿಸಿ

ಕಲಬುರಗಿಯಲ್ಲಿ ಹಳೆ ಪೋಲೋ, ಸ್ವಿಫ್ಟ್, ಐ20 ತಗೊಂಡ ಹುಡುಗರು ಮೊದಲು ಮಾಡೋ ಕೆಲಸ ಅಂದರೆ 17 ಇಂಚಿನ ಅಲಾಯ್ ಚಕ್ರ ಹಾಕಿಸೋದು. ಹಾಕಿಸಿ, ಬೇಡ ಅನ್ನಲ್ಲ. ಆದರೆ ತೂಕ ಎಷ್ಟು ಅಂತ ಕೇಳದೆ, ತೂಗಿಸದೆ ಹಾಕಿಸಬೇಡಿ. ನನ್ನ ಗಾಡಿಗೆ ಏನಾಯಿತು ಅಂತ ಬರೀತೀನಿ. ಅಂಗಡಿ ಹೆಸರು ಬರೆಯಲ್ಲ, ಇಂಥದ್ದು ಅದೊಂದೇ ಅಲ್ಲ.

ನನ್ನದು ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ. 1.2 ಲೀಟರಿನ ಟರ್ಬೊ ಎಂಜಿನ್, 105 ಪಿಎಸ್ (ಅಶ್ವಶಕ್ತಿ), ಗಾಡಿಯ ತೂಕ ಸುಮಾರು 1100 ಕೆಜಿ. ಪೋರ್ಷೆ ಪಕ್ಕ ನಿಲ್ಲಿಸಿ ಸ್ಪೋರ್ಟ್ಸ್ ಕಾರು ಅಂದರೆ ನಗ್ತಾರೆ, ಆದರೆ ಮಧ್ಯಮ ವರ್ಗದವರ ಕೈಗೆ ಸಿಕ್ಕ ಸ್ಪೋರ್ಟ್ಸ್ ಕಾರು ಅಂದರೆ ಇದೇ. ಅಂಗಡಿಯವನು ತೋರಿಸಿದ್ದು ಜಪಾನಿನ ಟಿಇ37 ಚಕ್ರದ ನಕಲು, ಆರು ಕಡ್ಡಿಯದು. ತೂಕ ಎಷ್ಟಪ್ಪಾ ಅಂತ ಕೇಳಿದ್ದಕ್ಕೆ, "ಎಂಟು ಕೆಜಿ ಅಣ್ಣಾ. ಅಲಾಯ್ ಅಂದ್ರ ಹಗುರೇ ಇರ್ತದ. ಗಾಡಿ ಇನ್ನಾ ಜೋರ್ ಓಡ್ತದ ನೋಡ್ರಿ" ಅಂದ. ಟೈರು 215/45 ಆರ್17, ಅಂದರೆ ಅಗಲ 215 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಅದರ 45 ಪರ್ಸೆಂಟ್, ರಿಮ್ 17 ಇಂಚು. "ನಮ್ಮ ರೋಡಿಗಿ ದಪ್ಪ ಟೈರೇ ಬೇಕು" ಅನ್ನೋದು ಅವನ ವಾದ.

ಗಾಡಿ ಚೆಂದ ಕಾಣ್ತಿತ್ತು, ಸುಳ್ಳು ಹೇಳಲ್ಲ. ಆದರೆ ಸಿಗ್ನಲ್ ಬಿಟ್ಟಾಗ ಮೊದಲಿನ ಚುರುಕು ಇರಲಿಲ್ಲ. ಓವರ್‌ಟೇಕ್ ಮಾಡೋವಾಗ ಗೇರ್‌ಬಾಕ್ಸ್ ಮತ್ತೆ ಮತ್ತೆ ಕೆಳಗಿನ ಗೇರಿಗೆ ಬರ್ತಿತ್ತು. ಬ್ರೇಕ್ ಒತ್ತಿದರೆ ಗಾಡಿ ಒಂಚೂರು ಮುಂದೆ ಹೋಗಿ ನಿಲ್ತಿತ್ತು.

ಕಡೆಗೆ ಒಂದು ಹಳೆ ಚಕ್ರ, ಒಂದು ಹೊಸದು, ಎರಡನ್ನೂ ಡಿಕ್ಕಿಯಲ್ಲಿ ಹಾಕಿಕೊಂಡು ಗಂಜ್ ಮಾರುಕಟ್ಟೆಗೆ ಹೋದೆ. ನಮ್ಮ ಕಾಕಾನ ಅಡತಿ ಅಂಗಡಿಯಲ್ಲಿ ತೊಗರಿ ತೂಗೋ ಎಲೆಕ್ಟ್ರಾನಿಕ್ ಕಾಟಾ ಇದೆ. "ಏನಪಾ, ತೊಗರಿ ಬಿಟ್ಟು ಗಾಲಿ ಮಾರ್ಲಕತ್ತಿಯೇನು?" ಅಂತ ಕಾಕಾ ನಕ್ಕ. ಟೈರ್ ಸಮೇತ ಹಳೆಯದು 17 ಕೆಜಿ, ಹೊಸದು 23. ಟೈರ್ ಬಿಚ್ಚಿಸಿ ಬರೀ ರಿಮ್ ತೂಗಿದರೆ 12 ದಾಟಿತು. ಮೂಲ ಚಕ್ರದ ಹೆಸರಿನ 37 ಬಂದಿದ್ದೇ 15 ಇಂಚಿನ ರಿಮ್ ಅನ್ನು 3.7 ಕೆಜಿಯಲ್ಲಿ ಮಾಡಿದ್ದರಿಂದ. ಅದರ ನಕಲಿನ ತೂಕ ಇದು!

ಇಷ್ಟು ಭಾರ ಯಾಕೆ ಅಂದರೆ, ಅಸಲಿ ಚಕ್ರ ಫೋರ್ಜ್ ಮಾಡಿದ್ದು. ಅಲ್ಯೂಮಿನಿಯಮ್ ಅನ್ನು ಭಾರೀ ಒತ್ತಡದಲ್ಲಿ ಅದುಮಿ ಗಟ್ಟಿ ಮಾಡಿರ್ತಾರೆ, ಹಾಗಾಗಿ ಕಡ್ಡಿ ತೆಳ್ಳಗಿದ್ದರೂ ತಾಳ್ತದೆ. ಅಗ್ಗದ್ದು ಬರೀ ಅಚ್ಚಿಗೆ ಹೊಯ್ದದ್ದು. ಒಳಗೆ ಸಣ್ಣ ಸಣ್ಣ ಗಾಳಿಗುಳ್ಳೆ ಉಳಿಯೋ ಸಾಧ್ಯತೆ ಹೆಚ್ಚು, ಅದಕ್ಕೆ ದಪ್ಪ ಮಾಡಿ ಬಲ ತುಂಬ್ತಾರೆ.

ಈಗ ಲೆಕ್ಕಕ್ಕೆ ಬರೋಣ. ನಾಲ್ಕೂ ಚಕ್ರ ಸೇರಿ 24 ಕೆಜಿ ಹೆಚ್ಚು. ಡಿಕ್ಕಿಯಲ್ಲಿ ಅಷ್ಟೇ ತೂಕದ ಜೋಳದ ಚೀಲ ಇಟ್ಟರೆ ಅದು ಗಾಡಿ ಜೊತೆ ಮುಂದೆ ಹೋದರೆ ಸಾಕು. ಚಕ್ರದ ತೂಕ ಮುಂದೆಯೂ ಹೋಗಬೇಕು, ತಿರುಗಲೂಬೇಕು. ಹೊಲದಲ್ಲಿ ಹಕ್ಕಿ ಓಡಿಸೋ ಕವಣೆ ಬೀಸಿದವರಿಗೆ ಗೊತ್ತು: ಅದೇ ಕಲ್ಲು, ಹಗ್ಗ ಉದ್ದ ಆದಷ್ಟೂ ಬೀಸೋಕೆ ಕೈ ಸೋಲ್ತದೆ. ದೊಡ್ಡ ರಿಮ್‌ನಲ್ಲಿ ಲೋಹ ಅಂಚಿಗೆ ಸರೀತದೆ, ಅಲ್ಲಿಂದಲೇ ತೊಂದರೆ. "ಚಕ್ರದ ಒಂದು ಕೆಜಿ ಅಂದರೆ ಬಾಡಿಯ ಹತ್ತು ಕೆಜಿ" ಅಂತ ಹೇಳೋರಿದ್ದಾರೆ, ಅದು ಬುರುಡೆ. ವೇಗ ಹಿಡಿಯೋ ಮಟ್ಟಿಗೆ, ತೂಕವೆಲ್ಲಾ ಟೈರಿನ ಹೊರ ಅಂಚಲ್ಲೇ ಇದೆ ಅಂದುಕೊಂಡರೂ ಒಂದು ಕೆಜಿ ಎರಡರಷ್ಟೇ ಆಗ್ತದೆ, ಅದಕ್ಕಿಂತ ಹೆಚ್ಚಾಗಲ್ಲ. ನನ್ನ 24 ಕೆಜಿ ಹೀಗೆ ನಲವತ್ತರ ಆಸುಪಾಸು. 1100 ಕೆಜಿಗೆ ಅದು ಮೂರೂವರೆ ಪರ್ಸೆಂಟು.

ಅಷ್ಟೇ ಆಗಿದ್ದರೆ ತಡ್ಕೋಬಹುದಿತ್ತು. ಟೈರಿನ ಎತ್ತರವೂ ಸೇರಿಕೊಂಡಿತು. ಮೊದಲಿದ್ದ 185/60 ಆರ್15ರ ವ್ಯಾಸ 603 ಮಿಲಿಮೀಟರ್, ಇದರದ್ದು 625. ಅಂದರೆ ಪ್ರತಿ ಗೇರೂ ಸುಮಾರು 3.7 ಪರ್ಸೆಂಟ್ ಉದ್ದ ಆದಂತೆ, ಎಳೆತ ಅಷ್ಟೇ ಕಡಿಮೆ. ಸ್ಪೀಡೋಮೀಟರೂ ಮೊದಲಿಗಿಂತ ಅಷ್ಟು ಕಡಿಮೆ ತೋರಿಸ್ತದೆ. 17 ಇಂಚೇ ಬೇಕಿದ್ದರೆ 215/40 ಹಾಕಿದ್ದರೆ 604ಕ್ಕೆ ಬಂದು ಕೂಡ್ತಿತ್ತು. ಎರಡೂ ಸೇರಿ ಏಳು ಪರ್ಸೆಂಟ್ ಎಳೆತ ಹೋಯಿತು. ದುಡ್ಡು ಕೊಟ್ಟು ಇಸಿಯು (ಎಂಜಿನ್ನಿನ ಕಂಪ್ಯೂಟರ್) ಟ್ಯೂನ್ ಮಾಡಿಸಿ ಪಿಎಸ್ ಹೆಚ್ಚಿಸಿಕೊಳ್ಳೋರು ಇದನ್ನು ಯೋಚಿಸಲಿ. ಪೋರ್ಷೆಯವರು 911 ಜಿಟಿ3 ಆರ್‌ಎಸ್‌ನಲ್ಲಿ ನಾಲ್ಕು ಚಕ್ರದಿಂದ 8 ಕೆಜಿ ಉಳಿಸೋಕೆ ಮೆಗ್ನೀಷಿಯಮ್ ಚಕ್ರ ಕೊಡ್ತಾರೆ. ಇಲ್ಲಿ ನನಗೆ ಎಂಟು ಕೆಜಿ ರಿಮ್ ಅಂತ ಹೇಳಿ 24 ಕೆಜಿ ಹೇರಿ ಕಳಿಸಿದ್ದರು.

ನೇರ ರಸ್ತೆಯಲ್ಲಿ ಇಷ್ಟು. ಸೇಡಂ ರೋಡಿನ ಕಥೆ ಬೇರೆ. ಕೆಳಗೆ ಎರಿ ಮಣ್ಣು, ಮೇಲೆ ಸಿಮೆಂಟ್ ಲಾರಿ, ಹಾಗಾಗಿ ಡಾಂಬರು ಅಲೆ ಅಲೆಯಾಗಿದೆ. ಚಕ್ರ, ಹಬ್ (ಚಕ್ರ ಕೂಡೋ ನಡುಭಾಗ), ಬ್ರೇಕ್ ಇವೆಲ್ಲ ಸ್ಪ್ರಿಂಗಿನ ಕೆಳಗಿನ ಭಾರ. ಅದನ್ನು ಮೇಲೆ ಕೆಳಗೆ ಆಡದಂತೆ ಹಿಡಿಯೋದು ಶಾಕ್ ಅಬ್ಸಾರ್ಬರ್, ಮತ್ತು ಕಂಪನಿಯವರು ಅದನ್ನು ಟ್ಯೂನ್ ಮಾಡಿರೋದು ಹಗುರ ಚಕ್ರಕ್ಕೆ. ಆರು ಕೆಜಿ ಹೆಚ್ಚಾದ ಮೇಲೆ ಒಂದು ಅಲೆ ದಾಟಿದ ಚಕ್ರ ಇನ್ನೂ ಕುಣೀತಿರೋವಾಗಲೇ ಮುಂದಿನದು ಬರ್ತದೆ. ತಿರುವಿನಲ್ಲಿ ಹೀಗಾದರೆ ಟೈರು ರಸ್ತೆ ಬಿಡ್ತದೆ, ಸ್ಟೀರಿಂಗ್ ಮಾತು ಕೇಳಲ್ಲ. ಎಳೆತದ ಲೆಕ್ಕಕ್ಕಿಂತ ನನಗೆ ಇದೇ ಹೆಚ್ಚು ಕಾಡಿದ್ದು.

ಇನ್ನು ಬೋಲ್ಟು. ಹುಮನಾಬಾದ್ ಕಡೆ ಹೋಗೋವಾಗ ಕಮಲಾಪುರ ದಾಟಿ 90ಕ್ಕೆ ಸ್ಟೀರಿಂಗ್ ನಡುಗೋಕೆ ಶುರುವಾಯಿತು. ನಿಧಾನಕ್ಕೆ ಓಡಿಸಿಕೊಂಡು ಹುಮನಾಬಾದ್ ಮುಟ್ಟಿ ಅಲೈನ್‌ಮೆಂಟ್ ಮಿಸ್ತ್ರಿಗೆ ತೋರಿಸಿದೆ. ಪಾನಾ ಇಟ್ಟರೆ ಮುಂದಿನ ಎಡ ಚಕ್ರದ ಬೋಲ್ಟುಗಳು ಆರಾಮಾಗಿ ತಿರುಗಿದವು. ಮಿಸ್ತ್ರಿ ಒಂದನ್ನು ಬಿಚ್ಚಿ ಕೈಗೆ ಕೊಟ್ಟ: "ಸಾಹೇಬ್ರ, ಈ ಬೋಲ್ಟ್ ಈ ತೂತಿಂದಲ್ಲ." ಫೋಕ್ಸ್‌ವ್ಯಾಗನ್ ಬೋಲ್ಟಿನ ತಲೆಯ ಕೆಳಭಾಗ ಚೆಂಡಿನಂತೆ ಗುಂಡಗೆ ಇರ್ತದೆ. ಹೊರಗಿನ ಅಲಾಯ್‌ನ ತೂತು ಸಾಮಾನ್ಯವಾಗಿ ಆಲಿಕೆ ಆಕಾರದ್ದು. ಎರಡೂ ಸೇರಿದರೆ ಕೂದಲೆಳೆಯಷ್ಟು ಗೆರೆಯಲ್ಲಿ ಮಾತ್ರ ಮುಟ್ಟಿಕೊಂಡು, ಎಷ್ಟು ಬಿಗಿದರೂ ಸಡಿಲಾಗ್ತದೆ. ಮಧ್ಯದ ತೂತೂ ದೊಡ್ಡದು: ಹಬ್ 57.1 ಮಿಲಿಮೀಟರ್, ರಿಮ್ 73.1. ನಡುವೆ ಕೂಡಬೇಕಾದ ರಿಂಗ್ ಹಾಕಿರಲೇ ಇಲ್ಲ. ರಿಮ್ಮಿನ ಹಿಂದೆ ನೋಡಿದರೆ ಐಎಸ್‌ಐ ಗುರುತಿಲ್ಲ, ಎಷ್ಟು ಭಾರ ತಾಳ್ತದೆ ಅನ್ನೋ ಅಂಕಿಯೂ ಇಲ್ಲ, ಅಳತೆ ಅಷ್ಟೇ.

ಅಂಗಡಿಗೆ ವಾಪಸ್ ಹೋದರೆ, "ಹೊಸಾದು ಅಲ್ಲೇನ್ರಿ, ಸೆಟ್ ಆಗ್ಲಿಕ್ಕ ಟೈಮ್ ಬೇಕು" ಅಂದರು. ಬಿಲ್ಲು ಕೊಟ್ಟಿರಲಿಲ್ಲ. ಜಗಳ ಆಡಿ ಅರ್ಧ ದುಡ್ಡು ಬಂತು, ಟೈರಿನ ದುಡ್ಡು ಹೋಯಿತು. ಈಗ ಹಳೆ 15 ಇಂಚೇ ಓಡ್ತಿದೆ.

ಇಂಥ ಸೆಟ್ ಈಗಾಗಲೇ ಹಾಕಿಸಿದವರು ಇವತ್ತೇ ಒಂದು ಬೋಲ್ಟ್ ಬಿಚ್ಚಿ ತಲೆಯ ಕೆಳಗೆ ನೋಡಿ. ತೂತು ಆಲಿಕೆಯಂತಿದ್ದು ಬೋಲ್ಟ್ ಗುಂಡಗಿದ್ದರೆ ಹೈವೇಗೆ ಹೋಗಬೇಡಿ, ಹೊಂದೋ ಬೋಲ್ಟ್ ತರಿಸಿ. ಪೋಲೋಗೆ ಬೇಕಿರೋದು ಎಂ14 (14 ಮಿಲಿಮೀಟರ್ ದಪ್ಪದ್ದು), ಬಿಗಿಯೋದು ಬಿಗಿತ ಅಳೆಯೋ ಟಾರ್ಕ್ ಪಾನಾದಲ್ಲಿ 120 ನ್ಯೂಟನ್ ಮೀಟರಿಗೆ. ನೂರು ಕಿಲೋಮೀಟರ್ ಓಡೋದರೊಳಗೆ ಇನ್ನೊಮ್ಮೆ ಪಾನಾ ಹಾಕಿ ನೋಡಿ.