1 ಕೋಟಿ ಪಟ್ಟು ದೊಡ್ಡ ಕೈನೆಸಿನ್: ತ್ರೀಡಿ ಪ್ರಿಂಟ್ ಮಾಡಿಸಿದೆ, ಹೇಗಿದೆ ಅಂದರೆ...

ನಾನು ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತೇನೆ. ನರಕೋಶದೊಳಗೆ ಸರಕು ಹೊತ್ತು ನಡೆಯುವ ಕೈನೆಸಿನ್ ಪ್ರೋಟೀನನ್ನು ಅವರ ಕೈಗೇ ಕೊಡಬೇಕು ಅಂತ ಬಹಳ ದಿನದ ಆಸೆ. ಕಳೆದ ತಿಂಗಳು ಒಂದು ತ್ರೀಡಿ ಪ್ರಿಂಟಿಂಗ್ ಅಂಗಡಿಯಲ್ಲಿ 1,400 ರೂಪಾಯಿ ಕೊಟ್ಟು ಮಾಡಿಸಿದೆ.

ಫೈಲ್‌ಗೆ ದುಡ್ಡಿಲ್ಲ. ಪ್ರೋಟೀನ್‌ಗಳ ಆಕಾರವನ್ನು ಎಲ್ಲರಿಗೂ ತೆರೆದಿಟ್ಟಿರುವ ಪ್ರೋಟೀನ್ ಡೇಟಾ ಬ್ಯಾಂಕ್ ಜಾಲತಾಣದಲ್ಲಿ 3ಕೆಐಎನ್ (3KIN) ಅಂತ ಹುಡುಕಿದರೆ ಇಲಿಯ ಮಿದುಳಿನ ಕೈನೆಸಿನ್ ಸಿಗುತ್ತದೆ. ಅದಕ್ಕೆ ಎರಡು ತಲೆ. ಹೆಸರಿಗೆ ತಲೆ, ಮಾಡುವುದು ಪಾದದ ಕೆಲಸ. ಅಂಗಡಿಯವರು ಒಂದು ಆಂಗ್‌ಸ್ಟ್ರಾಮ್‌ಗೆ ಒಂದು ಮಿಲಿಮೀಟರ್ ಹಿಡಿದರು, ಅಂದರೆ 1 ಕೋಟಿ ಪಟ್ಟು. ನನಗೆ ಜಾಸ್ತಿ ಇಷ್ಟವಾಗಿದ್ದು ಈ ಅಳತೆಯೇ, ಯಾಕೆಂದರೆ 1 ನ್ಯಾನೋಮೀಟರ್ ಸರಿಯಾಗಿ 1 ಸೆಂಟಿಮೀಟರ್ ಆಗುತ್ತದೆ, ಸ್ಕೇಲ್ ಇಟ್ಟು ತೋರಿಸಬಹುದು. ತಲೆ 7 ಸೆಂ.ಮೀ. ಉದ್ದ. ಇಡೀ ಪ್ರೋಟೀನ್ ಸುಮಾರು 80. ತಲೆಗಳನ್ನು ಸರಕಿಗೆ ಸೇರಿಸುವ ಉದ್ದ ಕಾಂಡ ಫೈಲ್‌ನಲ್ಲಿ ಪೂರ್ತಿ ಇಲ್ಲ, ಹಗ್ಗ ಹೊಸೆದು ಸೇರಿಸಿಕೊಂಡೆ. ತುದಿಗೆ 40 ಸೆಂ.ಮೀ. ಬಲೂನು ಕಟ್ಟಿದೆ, ಅದೇ ಸರಕಿನ ಚೀಲ.

ಮೊದಲ ಸಲ ಕೊಟ್ಟಾಗ ಆಸರೆ ಕಡ್ಡಿಗಳನ್ನು ಕೀಳುವಾಗ ಒಂದು ತಲೆಯ ಅಂಚು ಮುರಿದಿತ್ತು. ಹೇಳಿದ ಕೂಡಲೇ ಇನ್ನೊಂದು ಮಾಡಿಕೊಟ್ಟರು, ದುಡ್ಡು ಕೇಳಲಿಲ್ಲ. ಆರ್ಡರ್ ಮಾಡುವಾಗ ಎರಡು ತಲೆ ಬೇರೆ ಬೇರೆ ಬೇಕು ಅಂತ ಮೊದಲೇ ಹೇಳಿ. ಒಂದೇ ತುಂಡಾಗಿ ಬಂದರೆ ಅದು ನಡೆಯಲ್ಲ, ಸುಮ್ನೆ ಶೋಕೇಸ್‌ನಲ್ಲಿ ಇಡಬೇಕಾಗುತ್ತದೆ. ನಾನು ನೈಲಾನ್ ದಾರದಲ್ಲಿ ಕಟ್ಟಿಕೊಂಡೆ. ನಿಜವಾದ ಪ್ರೋಟೀನಲ್ಲೂ ಆ ಜಾಗ ಬಳುಕುವಂಥದ್ದೇ.

ಈಗ ನಡಿಗೆ. ಲ್ಯಾಬಿನ ಮೇಜಿನ ಮೇಲೆ 8 ಸೆಂ.ಮೀ.ಗೊಂದು ಚಾಕ್ ಗೆರೆ ಎಳೆದೆವು, ಅದು ಮೈಕ್ರೋಟ್ಯೂಬ್ಯೂಲ್, ಅಂದರೆ ಕೋಶದೊಳಗೆ ಕೈನೆಸಿನ್ ನಡೆಯುವ ಹಳಿ. ಹಿಂದಿನ ಪಾದ ಮುಂದಿನದನ್ನು ದಾಟಿ 16 ಸೆಂ.ಮೀ. ಹೋಗುತ್ತದೆ, ಸರಕು ಮಾತ್ರ 8 ಸೆಂ.ಮೀ. ಸರಿಯುತ್ತದೆ. ಬೋರ್ಡಿನ ಮೇಲೆ ಎಷ್ಟು ಬರೆದರೂ ತಲೆಗೆ ಹೋಗದ ವಿಷಯ ಇದು, ಕೈಯಲ್ಲಿ ಎರಡು ಸಲ ನಡೆಸಿದ್ದೇ ಮಕ್ಕಳಿಗೆ ಗೊತ್ತಾಯಿತು. ಹೆಜ್ಜೆಗೊಂದು ಎಟಿಪಿ (ಕೋಶದ ಇಂಧನದ ಅಣು) ಖರ್ಚು ಅಲ್ವಾ, ಅದಕ್ಕೆ ಹೆಜ್ಜೆಗೊಂದು ಹುಣಸೆ ಬೀಜ ಇಡಿಸಿದೆ. ಆಮೇಲೆ ಲೆಕ್ಕ ಹಾಕಿದೆವು. ಬೆನ್ನಿನಿಂದ ಪಾದದವರೆಗಿನ ನರ ಸುಮಾರು 1 ಮೀಟರ್. ಅಂದರೆ 12.5 ಕೋಟಿ ಹೆಜ್ಜೆ. ನಮ್ಮ ಮೇಜಿನ ಅಳತೆಯಲ್ಲಿ 10,000 ಕಿಲೋಮೀಟರ್! ಒಂದೇ ಕೈನೆಸಿನ್ ಅಷ್ಟು ದೂರ ಹೋಗಲ್ಲ, ನೂರು ಹೆಜ್ಜೆ ಆಸುಪಾಸಿನಲ್ಲಿ ಹಳಿ ಬಿಡುತ್ತದೆ, ಇನ್ನೊಂದು ಹಿಡಿದುಕೊಳ್ಳುತ್ತದೆ. ವೇಗದ ಸಾಗಣೆ ದಿನಕ್ಕೆ ಸುಮಾರು 400 ಮಿ.ಮೀ., ಹಾಗಾಗಿ ಸರಕು ಪಾದ ಮುಟ್ಟಲು ಎರಡೂವರೆ ದಿನ. ಈ ದಾರಿ ಇಲ್ಲದೆ ಉದ್ದ ನರದ ತುದಿ ಬದುಕುವುದಿಲ್ಲ. ಕೆಐಎಫ್5ಎ ಅನ್ನುವ ಕೈನೆಸಿನ್ ಜೀನ್ ಕೆಟ್ಟರೆ ಕಾಲು ಸೆಟೆದುಕೊಳ್ಳುವ ಕಾಯಿಲೆ ಬರುವುದು ಇದಕ್ಕೇ.

ಕೊಟ್ಟ ದುಡ್ಡಿಗೆ ಮೋಸವಿಲ್ಲ. ಮುಂದಿನ ವರ್ಷ ಅದೇ ಅಂಗಡಿಯಲ್ಲಿ ಡೈನೀನ್ ಮಾಡಿಸುತ್ತೇನೆ, ತುದಿಯಿಂದ ಕೋಶದ ಕಡೆಗೆ ವಾಪಸ್ ಹೊರುವುದು ಅದು. ಅದರ ಉಂಗುರವೊಂದೇ ಹತ್ತು ಸೆಂ.ಮೀ. ದಾಟುತ್ತದೆ, ಖರ್ಚು ಜಾಸ್ತಿಯಾಗಬಹುದು.